ಅಚ್ಚಿನಕ್ಕ ಹಿಡಿದ ಕಳ್ಳ

ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರದಲ್ಲಿ ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬಾಗಿಲು ಕಾಯುವವನಿಂದ ಹಿಡಿದು ವ್ಯವಸ್ಥಾಪಕರವರೆಗೆ ಎಲ್ಲರಿಗೂ ಅವಳು ಅಚ್ಚಿನಕ್ಕ. ಇಪ್ಪತ್ತೆರಡನೇ ವಯಸ್ಸಿಗೆ ಪ್ಲಾಸ್ಟರ್ ಕಲಸುವ ಕೆಲಸಕ್ಕೆ ಸೇರಿದಳು. ಮೂರು ವರ್ಷದಲ್ಲಿ ಅಚ್ಚಿನ ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಐವತ್ತಮೂರು ತುಂಬಿದರೂ ಅದನ್ನು ಇನ್ನೂ ಬಿಚ್ಚಿರಲಿಲ್ಲ.

ಅಚ್ಚು ಎಂದರೆ ದೊಡ್ಡ ವಿಷಯವೇನಲ್ಲ. ಕಾಲು ಕಳೆದುಕೊಂಡವರು ಬಂದಾಗ ಉಳಿದ ಭಾಗಕ್ಕೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅದರ ಆಕಾರ ತೆಗೆಯುತ್ತಾರೆ. ಆ ಆಕಾರಕ್ಕೆ ತಕ್ಕ ಹಾಗೆ ಒಂದು ಬಟ್ಟಲು ಮಾಡಿ, ಬಟ್ಟಲಿನ ಕೆಳಗೆ ಹೊಸ ಕಾಲು ಜೋಡಿಸುತ್ತಾರೆ. ಕಾಲು ಮನೆಗೆ ಹೋಗುತ್ತದೆ, ಅಚ್ಚು ಕಪಾಟಿನಲ್ಲಿ ಉಳಿಯುತ್ತದೆ. ಅಂಥವು ಆರು ಕಪಾಟಿನ ತುಂಬ, ಎರಡು ಸಾವಿರದ ಚಿಲ್ಲರೆ. ಸೋಮವಾರ ಒಂದನೇ ಕಪಾಟು, ಮಂಗಳವಾರ ಎರಡನೆಯದು, ಹೀಗೆ ದಿನಕ್ಕೊಂದರಂತೆ ಅಚ್ಚುಗಳನ್ನು ಕೆಳಗಿಳಿಸಿ ಬಟ್ಟೆಯಲ್ಲಿ ಒರೆಸಿ ಮತ್ತೆ ಮೇಲಿಡುವುದು ಅವಳ ಕ್ರಮ. ಹನ್ನೊಂದು ಗಂಟೆಗೆ ಎಲ್ಲರೂ ಚಹಾಕ್ಕೆ ಹೊರಟ ಮೇಲೆ ಶುರು ಮಾಡುತ್ತಿದ್ದಳು. ಆಗ ಯಾರ ಕೆಲಸಕ್ಕೂ ಅಡ್ಡಿಯಿಲ್ಲ, ಧೂಳೆದ್ದರೂ ಕೆಮ್ಮುವವರಿಲ್ಲ. ಜನ ಮುಖ ನೋಡಿ ಗುರುತು ಹಿಡಿದರೆ ಇವಳು ಕಾಲು ನೋಡಿ ಗುರುತು ಹಿಡಿಯುತ್ತಿದ್ದಳು.

ಆಮೇಲೆ ಆಕಾರವನ್ನು ಬೆಳಕಿನಿಂದಲೇ ಅಳೆಯುವ ಸ್ಕ್ಯಾನರ್ ಬಂತು. ಹಳೆಯ ಅಚ್ಚುಗಳನ್ನೆಲ್ಲ ಒಂದೊಂದಾಗಿ ಸ್ಕ್ಯಾನ್ ಮಾಡಿ ಸರ್ವರಿನಲ್ಲಿ ಇಡಲು ಅವಳಿಗೆ ಎರಡು ವರ್ಷ ಹಿಡಿಯಿತು. ಪ್ಲಾಸ್ಟರ್ ಅಚ್ಚುಗಳನ್ನು ಒಡೆದು ಲಾರಿಗೆ ತುಂಬಿದ ದಿನ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಿದ್ದು ಧೂಳಿಗೇ ಎಂದು ಎಲ್ಲರೂ ಒಪ್ಪಿಕೊಂಡರು. ಕಪಾಟುಗಳು ಹೋದ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಮೂಲೆಯಲ್ಲಿ ಗುಂಯ್ ಎನ್ನುವ ಸರ್ವರ್ ಉಳಿದವು. ಅದಕ್ಕೆ ಅವಳಿಟ್ಟ ಹೆಸರು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಆರು ಫೋಲ್ಡರ್ ಮಾಡಿ ಒಂದನೇ ಕಪಾಟು, ಎರಡನೇ ಕಪಾಟು ಎಂದು ಬರೆದಳು. ಮೂರು ವಾರದ ತರಬೇತಿ ಮುಗಿಸಿ ಬಂದವಳೇ ಅದರ ಯಜಮಾನಿಯಾಗಿ ಕೂತಳು. ಬೆಳಿಗ್ಗೆ ಬಂದೊಡನೆ ಮಗುವಿನ ಜ್ವರ ನೋಡುವ ಹಾಗೆ ಅಂಗೈ ಹಿಂಭಾಗದಿಂದ ಅದರ ಮೈ ಮುಟ್ಟಿ ನೋಡುತ್ತಿದ್ದಳು.

ಹೀಗಿದ್ದ ಸಂಸಾರಕ್ಕೆ ಕಲ್ಲು ಬಿದ್ದದ್ದು ಕೆತ್ತುವ ಯಂತ್ರದಿಂದ. ಅದು ಪೆಟ್ಟಿಗೆಯಿಂದ ಫೈಲನ್ನು ಸ್ವಲ್ಪ ಸ್ವಲ್ಪವೇ ಓದಿಕೊಳ್ಳುತ್ತಾ ಗಟ್ಟಿ ಫೋಮಿನ ದಿಮ್ಮಿಯನ್ನು ಕಾಲಿನ ಆಕಾರಕ್ಕೆ ಕೆತ್ತುತ್ತದೆ. ಈಚೆಗೆ ನಡುವೆ ಫೈಲು ಬರುವುದೇ ನಿಂತು, ಯಂತ್ರ ಅರ್ಧಕ್ಕೆ ಗಕ್ಕನೆ ನಿಲ್ಲತೊಡಗಿತ್ತು. ಅರ್ಧ ಕೆತ್ತಿದ ದಿಮ್ಮಿ ಯಾವ ಕೆಲಸಕ್ಕೂ ಬಾರದು.

ಒಂದು ಬೆಳಿಗ್ಗೆ ವ್ಯವಸ್ಥಾಪಕರು ಅವಳ ಕೋಣೆಗೇ ಬಂದರು.

"ಅಚ್ಚಿನಕ್ಕ, ಯಂತ್ರ ಎರಡು ತಿಂಗಳಲ್ಲಿ ಹನ್ನೊಂದು ಸಲ ನಿಂತಿದೆ. ಈ ಸರ್ವರ್‌ಗೆ ವಯಸ್ಸಾಯ್ತು ಅನ್ಸುತ್ತೆ. ಫೈಲುಗಳನ್ನ ಹೊರಗಿನ ಕಂಪನಿಯವರ ಹತ್ರ ಇಡೋಣ ಅಂತಿದೀನಿ."

"ಎಲ್ಲಾನೂ ತಗೊಂಡು ಹೋಗ್ತಾರಾ ಸರ್?"

"ಹತ್ತು ವರ್ಷದ ಈಚೆಗಿನವು ಮಾತ್ರ. ಹಳೇದೆಲ್ಲ ಯಾರಿಗೆ ಬೇಕು ಹೇಳಿ."

ಯಾರಿಗೆ ಬೇಕು ಎಂದು ಅವಳಿಗೆ ಗೊತ್ತಿತ್ತು. ಹಿಂದಿನ ವರ್ಷ ಒಬ್ಬ ದರ್ಜಿ ಹದಿನಾರು ವರ್ಷದ ಮೇಲೆ ಹುಡುಕಿಕೊಂಡು ಬಂದಿದ್ದ. ನಡುವೆ ಬೇರೆ ಕಡೆ ಮೂರು ಕಾಲು ಮಾಡಿಸಿದ್ದನಂತೆ, ಮೂರೂ ಕಚ್ಚುತ್ತಿದ್ದವು. ಅವಳು ನಾಲ್ಕನೇ ಕಪಾಟು ತೆರೆದು ಅವನ ಹಳೆಯ ಆಕಾರವನ್ನು ತೋರಿಸಿದಳು. ಅದನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಮಾಡಿದ ಕಾಲಿನಲ್ಲಿ ಅವನು ಮೆಟ್ಟಿಲಿಳಿದು ಹೋದ. ಒಂದರಿಂದ ನಾಲ್ಕರವರೆಗಿನ ಕಪಾಟು ಪೂರ್ತಿ ಹಳೆಯವು. ಹೊರಗಿನ ಕಂಪನಿ ಬಂದರೆ ಅಷ್ಟೂ ಕಾಲುಗಳಿಗೆ ದಿಕ್ಕಿಲ್ಲ.

"ಸರ್, ಪೆಟ್ಟಿಗೆದೇ ತಪ್ಪು ಅಂತ ಯಾರು ನೋಡಿದೋರು? ಒಂದು ತಿಂಗಳು ಕೊಡಿ. ನೆಟ್‌ವರ್ಕ್ ಮೇಲೆ ಕಾವಲು ಹಾಕ್ತೀನಿ. ತಪ್ಪು ಎಲ್ಲಿದೆ ಅಂತ ತೋರಿಸ್ತೀನಿ."

"ಬರೋ ತಿಂಗಳ ಮೊದಲನೇ ಸೋಮವಾರದವರೆಗೆ," ಎಂದರು ಅವರು. ಕಟುಕರಲ್ಲ, ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವವರೂ ಅಲ್ಲ.

ಕಾವಲು ಹಾಕುತ್ತೇನೆ ಎಂದು ಹೇಳಿದ್ದೇನೋ ಆಯಿತು, ಹೇಗೆ ಹಾಕುವುದೆಂದು ಅವಳಿಗೆ ಗೊತ್ತಿರಲಿಲ್ಲ. ಆ ಧೈರ್ಯವೆಲ್ಲ ಅಳಿಯನದು. ಮಗಳ ಗಂಡ ಒಂದು ದೊಡ್ಡ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ. ಎರಡು ಬೀದಿ ಆಚೆ ಮನೆ, ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರಿಗೂ ಊಟ ಇವಳ ಮನೆಯಲ್ಲಿ. ಅಳಿಯನಷ್ಟು ಮರ್ಯಾದಸ್ಥ ಇನ್ನೊಬ್ಬನಿಲ್ಲ. ಮದುವೆಯಾಗಿ ಆರು ವರ್ಷವಾದರೂ ಅತ್ತೆಯ ಮುಂದೆ ಕಾಲಮೇಲೆ ಕಾಲು ಹಾಕಿದವನಲ್ಲ, ಎದುರು ಮಾತಾಡಿದವನಲ್ಲ. ಏನು ಬಡಿಸಿದರೂ "ಚೆನ್ನಾಗಿದೆ ಅತ್ತೆ" ಎಂದು ಉಂಡು, ದೊಡ್ಡ ಚೊಂಬಿನಲ್ಲಿ ಎರಡು ಸಲ ನೀರು ಕುಡಿದು ಏಳುತ್ತಿದ್ದ. ಚೆನ್ನಾಗಿ ನೀರು ಕುಡಿಯುವ ಅಳಿಯ ಸಿಕ್ಕಿದ್ದಾನೆಂದು ಅವಳು ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

"ನೀವು ಹೇಳಿಕೊಡಿ, ಮಾಡೋದು ನಾನೇ," ಎಂದಳು ಆ ಭಾನುವಾರ. ಅವನು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ. ಎಲ್ಲ ಕೋಣೆಗಳ ಕೇಬಲ್ಲುಗಳು ಬಂದು ಸೇರುವುದು ಒಂದು ಸ್ವಿಚ್ಚಿಗೆ, ಅಲ್ಲಿಂದ ಪೆಟ್ಟಿಗೆಗೆ. ಕಾವಲಿನ ಪ್ರೋಗ್ರಾಂ ನಿಮಿಷಕ್ಕೊಂದು ಸಲ ಪೆಟ್ಟಿಗೆಯನ್ನು "ಇದ್ದೀಯಾ?" ಎಂದು ಕೇಳುತ್ತದೆ. ಯಾವ ಕಂಪ್ಯೂಟರಿಗೆ ಎಷ್ಟು ಹೋಯಿತು, ಎಷ್ಟು ಬಂತು ಎಂದು ಬರೆದಿಟ್ಟು ಗೆರೆ ಎಳೆಯುತ್ತದೆ. ಎಲ್ಲ ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು.

"ಗೊತ್ತಾಯ್ತು ಬಿಡಿ. ಗೇಟಲ್ಲಿ ಕೂತು ಹೋಗೋರು ಬರೋರನ್ನ ಬರ್ಕೊಳ್ಳೋ ಹಾಗೆ."

"ಅದೇ ಅತ್ತೆ."

ಶನಿವಾರ ಅವನಿಗೆ ರಜೆ. ಕಾರ್ಯಾಗಾರಕ್ಕೆ ಬಂದು ಪಕ್ಕದಲ್ಲಿ ಕೈಕಟ್ಟಿ ಕೂತ, ಅವಳು ಕನ್ನಡಕ ಏರಿಸಿಕೊಂಡು ಒಂದೊಂದೇ ಬೆರಳಿನಿಂದ ಒತ್ತಿದಳು. ಪ್ರೋಗ್ರಾಂ ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಬಂದಾಗ ಅವಳು ಹಿಂದೆಮುಂದೆ ನೋಡದೆ ಪೆಟ್ಟಿಗೆಯೊಳಗೇ ಹಾಕಿದಳು.

"ಮನೆ ಕಾಯೋನು ಮನೇಲೇ ಇರ್ಲಿ. ಅಲ್ವಾ?"

ಅಳಿಯ ಬಾಯಿ ತೆರೆದ. ಅತ್ತೆಯ ಮುಖದಲ್ಲಿದ್ದ ಹಿಗ್ಗನ್ನು ನೋಡಿದ. "ಆಯ್ತು ಅತ್ತೆ," ಎಂದು ಬಾಯಿ ಮುಚ್ಚಿದ.

ಕಾವಲಿನವನಿಗೆ ಹೆಸರು ಗೊತ್ತಿಲ್ಲ, ಪ್ರತಿ ಕಂಪ್ಯೂಟರಿಗೂ ಒಂದು ನಂಬರು. ಅವಳು ಚೀಟಿ ಹಿಡಿದು ಕೋಣೆಕೋಣೆಗೆ ಹೋಗಿ ಬರೆದುಕೊಂಡಳು. ಸ್ಕ್ಯಾನರ್ ಹನ್ನೊಂದು, ಕೆತ್ತುವ ಯಂತ್ರ ಹದಿನಾಲ್ಕು, ವ್ಯವಸ್ಥಾಪಕರು ಹದಿನೇಳು, ನಡೆದು ನೋಡುವ ಕೋಣೆ ಇಪ್ಪತ್ತು. ದುಂಡಗಿನ ಅಕ್ಷರದ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಹಸಿರು ದೀಪ ನೋಡುತ್ತಾ ಕೂತಳು.

ಮಂಗಳವಾರ ಮಧ್ಯಾಹ್ನ ಕೆತ್ತನೆಯವನು ಬಾಗಿಲಲ್ಲಿ ಬಂದು ನಿಂತ. ಮೈಯೆಲ್ಲ ಫೋಮಿನ ಪುಡಿ, ಮುಖದಲ್ಲಿ ಸಿಡುಕು.

"ಅಕ್ಕ, ನಿಮ್ಮ ಪೆಟ್ಟಿಗೆ ಮತ್ತೆ ಕೈ ಕೊಡ್ತು. ಮೇಷ್ಟ್ರ ಕಾಲು ಅರ್ಧಕ್ಕೇ ನಿಂತಿದೆ."

"ಹಸಿರು ಇದೆಯಲ್ಲಪ್ಪ, ನೋಡು ಬೇಕಾದ್ರೆ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ."

ಅವನು ದಡದಡ ಹೊರಟುಹೋದ. ಅವನು ಹೇಳಿದ ಮೇಷ್ಟ್ರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಎರಡು ಬಸ್ಸು ಬದಲಿಸಿ ಬಂದವರು. ಅಚ್ಚಿನಕ್ಕ ಅವರಿಗೆ ನೀರು ಕೊಟ್ಟು, "ನೆಟ್‌ವರ್ಕ್ ತೊಂದರೆ ಮೇಷ್ಟ್ರೇ, ನಮ್ಮ ಕೈಲಿಲ್ಲ," ಎಂದಳು. ಮೇಷ್ಟ್ರು ಪಾಪ ನಂಬಿ, ಊರುಗೋಲು ಊರಿಕೊಂಡು ಹೋದರು. ಗುರುವಾರ ಮತ್ತೆ ಬಂದರು, ಮತ್ತೆ ಹಾಗೆಯೇ ಹೋದರು.

ಎರಡನೇ ಸಲ ಅವರನ್ನು ಗೇಟಿನವರೆಗೆ ಬಿಟ್ಟು ಬಂದ ಅಚ್ಚಿನಕ್ಕನ ಮನಸ್ಸು ಕೆಟ್ಟಿತು. ಗೆರೆಗಳನ್ನು ಬೆರಳಿಟ್ಟು ಒಂದೊಂದಾಗಿ ನೋಡಿದಳು. ಮಂಗಳವಾರ ಹನ್ನೊಂದು ಐದರಿಂದ ಹನ್ನೊಂದು ಇಪ್ಪತ್ತೈದರವರೆಗೆ ಗೆರೆಯೇ ಇಲ್ಲ. ಗುರುವಾರವೂ ಇಲ್ಲ. ಆಚೆ ಈಚೆ ಹಸಿರು, ನಡುವೆ ಬರೀ ಖಾಲಿ.

ಅಳಿಯನಿಗೆ ಫೋನ್ ಮಾಡಿದಳು. "ಆ ಹೊತ್ತಿಗೆ ಕಾವಲಿನೋನೂ ಚಹಾ ಕುಡಿಯೋಕೆ ಹೋಗಿದ್ನಾ?"

"ಅದು ಅತ್ತೆ... ಪೆಟ್ಟಿಗೆ ಉಸಿರು ಕಟ್ಟಿದಾಗ ಅದರೊಳಗಿರೋ ಕಾವಲಿನೋನ ಉಸಿರೂ ಕಟ್ಟುತ್ತೆ. ಕಾವಲು ಯಾವಾಗ್ಲೂ ಹೊರಗೆ ಇರಬೇಕು. ಬೇರೆ ಕಂಪ್ಯೂಟರಲ್ಲಿ."

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ ಗೊತ್ತಿತ್ತು."

"ಮತ್ತೆ ಬಾಯಿಗೆ ಏನಾಗಿತ್ತು?"

"ನೀವು ಅಷ್ಟು ಖುಷಿಯಾಗಿದ್ರಿ. ಹೇಗೆ ಹೇಳ್ಲಿ?"

ಅವಳಿಗೆ ಸಿಟ್ಟು ಬಂತು, ನಗುವೂ ಬಂತು. ಆದರೆ ಅಳಿಯನನ್ನು ಗದರುವ ಅಭ್ಯಾಸ ಅವಳಿಗೂ ಇಲ್ಲ. "ಇನ್ನೊಂದ್ಸಲ ಹೀಗೆ ಮಾಡಬೇಡಿ. ಅಷ್ಟೂ ಕಾಲುಗಳ ಗತಿ ನಿಮ್ಮ ನಾಲಿಗೆ ಮೇಲಿದೆ," ಎಂದು ಫೋನ್ ಇಟ್ಟಳು. ಮರುದಿನ ಉಗ್ರಾಣದಿಂದ ಹಳೆಯ ಕಂಪ್ಯೂಟರೊಂದನ್ನು ತರಿಸಿ, ಒರೆಸಿ, ಕಾವಲಿನವನನ್ನು ಅದಕ್ಕೆ ಬದಲಾಯಿಸಿದಳು. ಈ ಸಲ ಯಾರ ಸಹಾಯವೂ ಬೇಕಾಗಲಿಲ್ಲ.

ಮುಂದಿನ ಬುಧವಾರ ಯಂತ್ರ ಮತ್ತೆ ನಿಂತಿತು. ಈಗ ಗೆರೆ ತುಂಡಾಗಿರಲಿಲ್ಲ. ಹನ್ನೊಂದು ಐದಕ್ಕೆ ಒಂದೇ ಒಂದು ಗೆರೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಮೇಲೇರಿತ್ತು. ಯಾವುದೋ ಒಂದು ಕಂಪ್ಯೂಟರ್ ಪೆಟ್ಟಿಗೆಯಿಂದ ರಾಶಿಗಟ್ಟಲೆ ಫೈಲು ಎಳೆದುಕೊಂಡು, ಉಳಿದವರಿಗೆ ದಾರಿಯೇ ಇಲ್ಲದ ಹಾಗೆ ಮಾಡಿತ್ತು. ಗೆರೆಯ ಪಕ್ಕದಲ್ಲಿ ನಂಬರ್ ಇಪ್ಪತ್ತಮೂರು. ಅವಳು ಗೋಡೆಯ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದಳು. ಇಪ್ಪತ್ತಮೂರು ಇರಲಿಲ್ಲ.

ಕಳ್ಳ ಸಿಕ್ಕಿದ್ದ. ಹೊರಗಿನವನು. ಅವಳು ಇದನ್ನು ಕೆತ್ತನೆಯವನಿಗೆ ಹೇಳಿದಳು, ವ್ಯವಸ್ಥಾಪಕರಿಗೂ ಹೇಳಿದಳು. ಕೆತ್ತನೆಯವನು ಸಿಟ್ಟು ಮರೆತು ಬ್ಯಾಟರಿ ದೀಪ ಹಿಡಿದು ಮೇಜುಗಳ ಕೆಳಗೆಲ್ಲ ತೂರಿ ಹುಡುಕಿದ. ಶುಕ್ರವಾರದ ಹೊತ್ತಿಗೆ, ಪಕ್ಕದ ಕಟ್ಟಡದವರು ಯಾರೋ ಕೇಬಲ್ ಎಳೆದುಕೊಂಡು ಕಾಲು ಕದಿಯುತ್ತಿದ್ದಾರೆಂದು ಸುದ್ದಿ.

"ಕದ್ದು ಏನ್ಮಾಡ್ತಾನೆ?" ಎಂದ ಬಾಗಿಲು ಕಾಯುವವನು. "ಅವನಿಗೆ ಆಗ್ಲೇ ಎರಡಿರುತ್ತಲ್ಲ."

ವ್ಯವಸ್ಥಾಪಕರು ಕೊಟ್ಟ ಗಡುವು ಸೋಮವಾರಕ್ಕೆ ಮುಗಿಯುತ್ತಿತ್ತು. ಶನಿವಾರ ಬೆಳಿಗ್ಗೆ ಅಳಿಯ ಬಂದ. ಹನ್ನೊಂದಾಗುತ್ತಿತ್ತು, ಎಲ್ಲರೂ ಚಹಾಕ್ಕೆ ಏಳುತ್ತಿದ್ದರು. ಅವಳು ಅವನನ್ನು ಕಾವಲಿನ ಕಂಪ್ಯೂಟರಿನ ಮುಂದೆ ಕೂರಿಸಿದಳು.

"ನೋಡ್ತಾ ಇರಿ, ಇನ್ನೈದು ನಿಮಿಷಕ್ಕೆ ಬರ್ತಾನೆ. ದಿನಾ ಇದೇ ಹೊತ್ತು. ನಾನು ಅಷ್ಟರಲ್ಲಿ ಆರನೇ ಕಪಾಟು ಒರೆಸಿಬಿಡ್ತೀನಿ."

"ಒರೆಸೋದಾ?"

"ಹಾಗಂದ್ರೆ ಕಾಪಿ. ಮೂರು ತಿಂಗಳಿಂದ ಮಾಡ್ತಿದೀನಿ. ಹಳೇದನ್ನ ಕೈಬಿಡ್ತಾರೆ ಅಂತ ಗಾಳಿ ಸುದ್ದಿ ಬಂದಾಗ ಶುರು ಮಾಡ್ದೆ. ದಿನಕ್ಕೊಂದು ಕಪಾಟು ಈ ಹೊರಗಿನ ಹಾರ್ಡ್ ಡಿಸ್ಕಿಗೆ. ನಿನ್ನೆ ಇದ್ದದ್ದು ಇವತ್ತು ಹಾಗೇ ಇರುತ್ತೆ ಅಂತ ಏನು ನಂಬಿಕೆ? ಎಲ್ಲಾನೂ ಹೊಸದಾಗೇ ಮಾಡ್ತೀನಿ. ಚಹಾ ಹೊತ್ತು ನೋಡಿ, ಯಾರಿಗೂ ತೊಂದರೆ ಇಲ್ಲ."

ಅವಳು ತನ್ನ ಮೇಜಿಗೆ ಹೋಗಿ ಡಿಸ್ಕ್ ಸಿಕ್ಕಿಸಿ ಗುಂಡಿ ಒತ್ತಿದಳು. ಅಳಿಯನ ಮುಂದೆ ಗೆರೆ ಮೇಲೇರಿತು.

"ನೋಡಿ ನೋಡಿ, ಬಂದ ಕಳ್ಳ," ಎಂದಳು ಅಚ್ಚಿನಕ್ಕ ಅವನ ಹೆಗಲ ಹಿಂದಿನಿಂದ ಬಗ್ಗಿ.

ಅಳಿಯನ ಕಿವಿ ಕೆಂಪಾಯಿತು. ಮೇಜಿನ ಮೇಲಿದ್ದ ಬಾಟಲಿ ಎತ್ತಿ ಗಟಗಟ ನೀರು ಕುಡಿದ. ಗೆರೆಯನ್ನು ನೋಡಿದ, ಗೋಡೆಯ ಪಟ್ಟಿಯನ್ನು ನೋಡಿದ, ಕೊನೆಗೆ ತನ್ನ ಬೂಟುಗಳನ್ನು ನೋಡಿದ.

"ಯಾಕೆ ಸುಮ್ನಾದ್ರಿ? ಹೋದ್ಸಲ ಏನು ಹೇಳಿದ್ದೆ ನಿಮಗೆ?"

ಅವನು ಎದ್ದು ನಿಂತ. ಕೂತು ಹೇಳುವ ಮಾತಲ್ಲ ಎನಿಸಿತೋ ಏನೋ.

"ಅತ್ತೆ, ಪಟ್ಟಿಯಲ್ಲಿ ನಿಮ್ಮ ಕಂಪ್ಯೂಟರ್ ಇಲ್ಲ. ಇಪ್ಪತ್ತಮೂರು ನೀವೇ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮೇಜಿಗೆ ಹೋಗಿ ಕಾಪಿ ನಿಲ್ಲಿಸಿದಳು. ಗೆರೆ ಧೊಪ್ಪನೆ ಕೆಳಗಿಳಿಯಿತು. ಮತ್ತೆ ಶುರು ಮಾಡಿದಳು, ಏರಿತು. ನಿಲ್ಲಿಸಿದಳು, ಇಳಿಯಿತು. ಮೂರನೇ ಸಲಕ್ಕೆ ಕೈ ಬರಲಿಲ್ಲ. ಊರವರ ನಂಬರನ್ನೆಲ್ಲ ಬರೆದುಕೊಂಡವಳು ತನ್ನದನ್ನು ಬರೆದುಕೊಂಡಿರಲಿಲ್ಲ. ಕಾವಲು ಹಾಕಿದವಳು ತನ್ನ ಮೇಲೂ ಕಾವಲು ಬೇಕೆಂದು ಯಾಕೆ ಅಂದುಕೊಳ್ಳುತ್ತಾಳೆ?

"ಚಹಾ ಹೊತ್ತಲ್ಲಿ ಯಾರೂ ಕೆಲಸ ಮಾಡಲ್ಲ," ಎಂದಳು ಮೆಲ್ಲಗೆ.

"ಯಂತ್ರ ಚಹಾ ಕುಡಿಯಲ್ಲ ಅತ್ತೆ. ದೊಡ್ಡ ದಿಮ್ಮಿ ಇದ್ದಾಗ ಕೆತ್ತನೆಯವರು ಅದನ್ನ ಹಾಕಿಟ್ಟೇ ಚಹಾಕ್ಕೆ ಹೋಗ್ತಾರೆ, ಬರೋ ಹೊತ್ತಿಗೆ ಮುಗಿದಿರುತ್ತೆ ಅಂತ. ಈಗ ಬರ್ತಾ ನೋಡ್ದೆ."

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವಳ ಕತೆ. ಅಷ್ಟಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತಲ್ಲ. ಹನ್ನೊಂದು ದಿಮ್ಮಿ, ಆಮೇಲಿನವು ಮೂರು. ನಮ್ಮ ಕೈಲಿಲ್ಲ ಎಂದು ಮೇಷ್ಟ್ರಿಗೆ ಬೇರೆ ಹೇಳಿದ್ದಳು. ಅವಳು ಕುರ್ಚಿಯ ಮೇಲೆ ಕೂತು ಅತ್ತಳು. ಅಳಿಯ ಏನು ಮಾಡಬೇಕೆಂದು ತಿಳಿಯದೆ ಬಾಟಲಿಯಲ್ಲಿ ಉಳಿದ ನೀರನ್ನು ಅವಳ ಮುಂದಿಟ್ಟ.

ಅತ್ತು ಮುಗಿದ ಮೇಲೆ ಒಂದು ಕೆಟ್ಟ ಯೋಚನೆ ಬಂತು. ಇಂದಿನಿಂದ ಕಾಪಿ ನಿಲ್ಲಿಸಿದರೆ ಯಂತ್ರ ನಿಲ್ಲುವುದಿಲ್ಲ. ಕಳ್ಳ ಹೆದರಿ ಓಡಿಹೋದ ಎಂದರಾಯಿತು. ಪೆಟ್ಟಿಗೆ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಅಳಿಯ ಹೇಗೂ ಬಾಯಿ ಬಿಡುವವನಲ್ಲ. ತಲೆ ಎತ್ತಿ ಅವನನ್ನು ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ಅತ್ತೆಯ ಎದುರು ನಿಂತು ತಪ್ಪು ಎಂದಿದ್ದ ಆ ಮನುಷ್ಯ ಇನ್ನೂ ಬೆವರುತ್ತಿದ್ದ. ಇವನಿಗೆ ಅಷ್ಟು ಧೈರ್ಯ ಬಂದ ಮೇಲೆ ತನಗೆ ಬಾರದಿದ್ದರೆ ನಾಚಿಕೆಗೇಡು ಎನಿಸಿತು.

ಎದ್ದು ಸೀದಾ ಕೆತ್ತನೆಯವನ ಹತ್ತಿರ ಹೋದಳು. ಅವನು ಚಹಾ ಮುಗಿಸಿ ಬಂದು ನಿಂತಿದ್ದ.

"ಇಪ್ಪತ್ತಮೂರು ನಾನೇ ಕಣಪ್ಪ. ನಿನ್ನ ಯಂತ್ರದ ಬಾಯಿಂದ ಅನ್ನ ಕಿತ್ಕೊಂಡೋಳು ನಾನು. ನೆಲ ಡೊಂಕು ಅಂದೋಳೂ ನಾನೇ ಆದೆ."

ಅವನು ತಲೆ ಕೆರೆದುಕೊಂಡ. "ನನ್ನದೂ ತಪ್ಪಿದೆ ಬಿಡಿ ಅಕ್ಕ. ಯಂತ್ರ ಓಡೋವಾಗ ಬಿಟ್ಟು ಹೋಗಬಾರದು ಅಂತ ಗೋಡೆ ಮೇಲೆ ಬರೆದಿದೆ," ಎಂದು ಬೆನ್ನ ಹಿಂದಿನ ಫಲಕ ತೋರಿಸಿದ. ಅದರ ಮೇಲೆ ಅವನ ಅಂಗಿ ನೇತಾಡುತ್ತಿತ್ತು.

ಸೋಮವಾರ ವ್ಯವಸ್ಥಾಪಕರ ಮುಂದೆ ಗೆರೆಗಳ ಕಾಗದ ಇಟ್ಟು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅವರು ಕಾಗದವನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿದರು.

"ಹಾಗಾದ್ರೆ ಪೆಟ್ಟಿಗೆಗೆ ಏನೂ ಆಗಿಲ್ಲ ಅಂತೀರಿ."

"ಏನೂ ಆಗಿಲ್ಲ ಸರ್. ಆಗಿದ್ದು ನನ್ನ ಬುದ್ಧಿಗೆ."

"ತಪ್ಪು ಎಲ್ಲಿದೆ ಅಂತ ತೋರಿಸ್ತೀನಿ ಅಂದಿದ್ರಿ, ತೋರಿಸಿದ್ರಿ." ಅವರು ನಗಲಿಲ್ಲ, ಆದರೆ ನಗು ತಡೆದುಕೊಂಡದ್ದು ಅವಳಿಗೆ ಕಂಡಿತು. "ಎರಡು ವಾರ ನೋಡ್ತೀನಿ. ಯಂತ್ರ ನಿಲ್ಲದಿದ್ರೆ ಪೆಟ್ಟಿಗೆ ಇಲ್ಲೇ ಇರುತ್ತೆ. ಆರೂ ಕಪಾಟು."

ಎರಡು ವಾರದಲ್ಲಿ ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ಕಾಪಿ ಈಗ ಕಾರ್ಯಾಗಾರ ಮುಚ್ಚಿದ ಮೇಲೆ ತಾನಾಗಿಯೇ ಆಗುತ್ತದೆ, ಅದೂ ಹೊಸದಾಗಿ ಬಂದದ್ದು, ಬದಲಾದದ್ದು ಮಾತ್ರ. ಮೇಷ್ಟ್ರು ಮೂರನೇ ಸಲ ಬಂದಾಗ ಅಚ್ಚಿನಕ್ಕ ಅವರಿಗೂ ನಿಜ ಹೇಳಿದಳು. ಅವರು ಹೊಸ ಕಾಲು ಊರಿ ನಾಲ್ಕು ಹೆಜ್ಜೆ ನಡೆದು, "ತಪ್ಪೊಪ್ಪಿಕೊಂಡ ಮಕ್ಕಳನ್ನ ನಾನು ಯಾವತ್ತೂ ಬೆಂಚಿನ ಮೇಲೆ ನಿಲ್ಲಿಸಿಲ್ಲಮ್ಮ," ಎಂದರು. ಹನ್ನೊಂದು ಗಂಟೆಗೆ ಮಾಡಲು ಕೆಲಸವಿಲ್ಲದೆ ಅವಳು ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಎಲ್ಲರ ಜೊತೆ ಚಹಾಕ್ಕೆ ಹೋದಳು. ಚಹಾ ಅಂಥದ್ದೇನೂ ಇರಲಿಲ್ಲ, ಹರಟೆ ಚೆನ್ನಾಗಿತ್ತು.

ಆ ಭಾನುವಾರ ಮಗಳು ಅಳಿಯ ಊಟಕ್ಕೆ ಬಂದರು. ಬಡಿಸಿ, ತಾನೂ ಎದುರಿಗೆ ಕೂತು, ಎಂದಿನಂತೆ ಕೇಳಿದಳು.

"ಹೇಗಿದೆ?"

ಅಳಿಯ ಎರಡು ತುತ್ತು ತಿಂದ. ಚೊಂಬಿನ ಕಡೆ ಹೋದ ಕೈ ಹಿಂದಕ್ಕೆ ಬಂತು.

"ಉಪ್ಪು ಜಾಸ್ತಿ ಆಗಿದೆ ಅತ್ತೆ."

ಮಗಳ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅಚ್ಚಿನಕ್ಕ ತಾನೂ ರುಚಿ ನೋಡಿದಳು. ಅವಳಿಗೆ ಸರಿಯಾಗಿಯೇ ಇತ್ತು. ವರ್ಷಗಟ್ಟಲೆ ಪ್ಲಾಸ್ಟರಿನ ಧೂಳು ಕುಡಿದ ನಾಲಿಗೆ, ಅದಕ್ಕೆ ಎಷ್ಟು ಹಾಕಿದರೂ ಸರಿಯೇ.

"ಇವತ್ತೋ, ಯಾವಾಗ್ಲೂನೋ?"

"ಆರು ವರ್ಷದಿಂದ."

ಅವಳಿಗೆ ಆ ಎರಡೆರಡು ಚೊಂಬು ನೀರು ನೆನಪಾಯಿತು. ನಗು ಉಕ್ಕಿಬಂತು, ತಡೆಯಲಿಲ್ಲ. ಮಗಳೂ ನಕ್ಕಳು. ಅಳಿಯ ಮಾತ್ರ ಹೆದರಿಕೊಂಡೇ ಇದ್ದ. ಅಚ್ಚಿನಕ್ಕ ಎದ್ದು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

"ಮುಂದಿನ ವಾರದಿಂದ ಅರ್ಧ ಗಂಟೆ ಮೊದಲೇ ಬನ್ನಿ. ಉಪ್ಪು ನೋಡಿ ಹೇಳೋದು ನಿಮ್ಮ ಕೆಲಸ. ಕಾವಲು ಹೊರಗೆ ಇರಬೇಕು ಅಂತ ನೀವೇ ಹೇಳಿದ್ದಲ್ವಾ?"